ಬಾಗಿದ ಬೆನ್ನೂ ಅಂಗಸಾಧನೆಯೂ

(ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿನಿ)

ನಮ್ಮ ಕಾಲೇಜಿನ ಆಟದ ಬಯಲಿನ ಮೂಲೆಯಲ್ಲಿ ಒಂದು ಹೊಂಗೆಯ ಮರವುಂಟು. ಡ್ರಿಲ್ಲಿನ ದಿನ, ಯೋಗ ದಿನಾಚರಣೆಯ ದಿನ, ವಾರ್ಷಿಕ ಕ್ರೀಡಾಕೂಟದ ದಿನ ಅದರ ನೆರಳಿನಲ್ಲಿ ಏಳೆಂಟು ಮಂದಿಯ ಒಂದು ಗುಂಪು ಕುಳಿತಿರುವುದನ್ನು ವಾಚಕರು ಕಂಡಿರಬಹುದು. ಒಬ್ಬನಿಗೆ ಚಿಕ್ಕಂದಿನಲ್ಲಿ ಮುರಿದ ಕಾಲು ಸರಿಯಾಗಿ ಕೂಡಿಕೊಂಡಿಲ್ಲ, ಒಬ್ಬಳಿಗೆ ಉಬ್ಬಸ, ಇನ್ನೊಬ್ಬನಿಗೆ ಒಂದು ಕೈಯಲ್ಲಿ ಬಲವಿಲ್ಲ. ಇವರೆಲ್ಲರೂ ವೈದ್ಯರ ಪತ್ರ ತಂದು 'ವಿನಾಯಿತಿ' ಪಡೆದವರು. ಉಳಿದವರ ಕೈಚೀಲ, ಚಪ್ಪಲಿ, ಮೊಬೈಲುಗಳನ್ನು ಕಾಯುವುದೇ ಇವರ ಪಾಲಿಗೆ ಬಂದ ವ್ಯಾಯಾಮ. ಆ ಗುಂಪಿನಲ್ಲಿ ನಾನೂ ಎರಡು ವರ್ಷ ಕುಳಿತಿದ್ದೆ. ಈ ವರ್ಷ ಎದ್ದೆ. ಎದ್ದುದು ಹೇಗೆ, ಉಳಿದವರೂ ಏಕೆ ಏಳಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನನ್ನ ಬೆನ್ನುಮೂಳೆ ಪಕ್ಕಕ್ಕೆ ಬಾಗಿದೆ. ಇದನ್ನು ಮೊದಲು ಕಂಡುಹಿಡಿದವರು ವೈದ್ಯರಲ್ಲ, ನಮ್ಮೂರಿನ ದರ್ಜಿಯಮ್ಮ. ಮೊದಲ ಪಿ.ಯು.ಸಿ.ಯ ಸಮವಸ್ತ್ರಕ್ಕೆ ಅಳತೆ ತೆಗೆಯುವಾಗ ಆಕೆ ಟೇಪನ್ನು ಎರಡು ಸಲ ಹಿಡಿದು ನೋಡಿ, "ಬಲಗಡೆ ಹೆಗಲು ಮೇಲಕ್ಕೈತಲ್ಲವ್ವ" ಎಂದರು. ಪುಸ್ತಕದ ಚೀಲದಿಂದ ಹಾಗಾಗಿದೆ ಎಂದು ನಮ್ಮವ್ವ ಸಮಾಧಾನ ಮಾಡಿಕೊಂಡರು. ಕೆಲವು ತಿಂಗಳ ಮೇಲೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದಾಗ 34 ಡಿಗ್ರಿಯ ಬಾಗು ಎಂದು ಗೊತ್ತಾಯಿತು. ಬೆಳವಣಿಗೆ ಬಹುಮಟ್ಟಿಗೆ ಮುಗಿದಿದೆ, ಶಸ್ತ್ರಚಿಕಿತ್ಸೆಯ ಅಗತ್ಯ ಸದ್ಯಕ್ಕಿಲ್ಲ, ಆಯಾಸದ ಕೆಲಸ ಮಾಡಕೂಡದು ಎಂದು ಒಂದು ಚೀಟಿ ಬರೆದುಕೊಟ್ಟರು. ಆ ಚೀಟಿಯೇ ನನ್ನನ್ನು ನೆರಳಿಗೆ ಕಳುಹಿಸಿದ್ದು. ಮನೆಗೆ ಬಂದ ಬಂಧುಗಳು "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?" ಎಂಬ ಗಾದೆಯನ್ನು ತಿರುಗಿಸಿ, ಗಿಡದಲ್ಲಿ ಬಗ್ಗಿದ್ದು ಮರವಾದ ಮೇಲೆ ನೆಟ್ಟಗಾಗದು ಎಂದರು, ಗಂಡು ಹುಡುಕುವಾಗ ಈ ಮಾತನ್ನು ಎತ್ತಬೇಡಿ ಎಂಬ ಬುದ್ಧಿವಾದವನ್ನೂ ಸೇರಿಸಿದರು.

ಈ ಬಾಗಿಗೆ ವೈದ್ಯರು ಸ್ಕೋಲಿಯೋಸಿಸ್ ಎಂದು ಹೆಸರಿಟ್ಟಿದ್ದಾರೆ. ಜನ ಇದನ್ನೂ ಗೂನನ್ನೂ ಒಂದೇ ಎಂದು ತಿಳಿಯುತ್ತಾರೆ, ಅದು ಸರಿಯಲ್ಲ. ಗೂನು ಹಿಂದಕ್ಕೆ ಉಬ್ಬಿದ್ದು, ಇದು ಪಕ್ಕಕ್ಕೆ ಬಾಗಿದ್ದು. ಇದರಲ್ಲಿಯೂ ಎರಡು ಬಗೆಗಳುಂಟು. ನಿಲ್ಲುವ ರೂಢಿಯಿಂದಲೋ ಒಂದು ಕಾಲು ಗಿಡ್ಡವಾಗಿರುವುದರಿಂದಲೋ ಬಂದ ಬಾಗು ಕಾರಣ ಹೋದರೆ ತಾನೂ ಹೋಗುತ್ತದೆ. ರಚನೆಯಲ್ಲಿಯೇ ಸೇರಿದ ಬಾಗು ಹಾಗಲ್ಲ: ಅಲ್ಲಿ ಬೆನ್ನಿನ ಮಣಿಗಳು ಪಕ್ಕಕ್ಕೆ ಸರಿಯುವುದರ ಜೊತೆಗೆ ಹಗ್ಗ ಹೊಸೆದಂತೆ ತಿರುಚಿಕೊಳ್ಳುತ್ತವೆ, ಅವುಗಳೊಡನೆ ಪಕ್ಕೆಲುಬುಗಳೂ ತಿರುಗುತ್ತವೆ. ಮುಂದಕ್ಕೆ ಬಗ್ಗಿ ನಿಂತಾಗ ಬೆನ್ನಿನ ಒಂದು ಪಕ್ಕ ಉಬ್ಬಿ ಕಾಣುವುದು ಇದರಿಂದಲೇ. ಈ ಸರಳವಾದ ಪರೀಕ್ಷೆಯನ್ನು 1865ರಲ್ಲಿ ವಿವರಿಸಿದವರು ವಿಲಿಯಂ ಆಡಮ್ಸ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯರು. ಎಕ್ಸ್‌ರೇ ಚಿತ್ರದ ಮೇಲೆ ಕೋನ ಅಳೆಯುವ ಕ್ರಮವನ್ನು 1948ರಲ್ಲಿ ಅಮೆರಿಕದ ಜಾನ್ ಕಾಬ್ ಅವರು ತಿಳಿಸಿಕೊಟ್ಟರು. 10 ಡಿಗ್ರಿಗಿಂತ ಕಡಮೆಯಾದುದನ್ನು ಸ್ಕೋಲಿಯೋಸಿಸ್ ಎಂದು ಎಣಿಸುವುದಿಲ್ಲ. ಹರೆಯದ ಮಕ್ಕಳಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಇದು ಇರುತ್ತದೆ. ಹೆಚ್ಚಿನವರಲ್ಲಿ ಕಾರಣವೇ ತಿಳಿಯುವುದಿಲ್ಲ. ಬಾಗು ದೊಡ್ಡದಾದಷ್ಟೂ ಹುಡುಗಿಯರ ಪಾಲು ಹೆಚ್ಚು. ಹಾಗಾದರೆ ನಮ್ಮ ಕಾಲೇಜಿನಲ್ಲಿ ನಾನೊಬ್ಬಳೇ ಇರಲಾರೆ ಎಂದಾಯಿತು.

ಇಂಥ ಬೆನ್ನಿನ ವಿಚಾರದಲ್ಲಿ ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ಏನೂ ಮಾಡದೆ ಸುಮ್ಮನೆ ಕುಳಿತುಕೊಳ್ಳಬೇಕೆಂಬುದು ಒಂದು. ಇಂತಿಷ್ಟು ದಿನಗಳಲ್ಲಿ ಬೆನ್ನನ್ನು ನೆಟ್ಟಗೆ ಮಾಡಿಕೊಡುತ್ತೇವೆಂದು ಮೊಬೈಲಿನ ವಿಡಿಯೋಗಳಲ್ಲಿ ಸಾರುವವರದು ಇನ್ನೊಂದು. ಎರಡೂ ತಪ್ಪೆಂದು ನನ್ನ ಅನುಭವವೂ ಓದೂ ಹೇಳುತ್ತವೆ. ಅಮೆರಿಕದ ಅಯೋವಾದಲ್ಲಿ ಚಿಕಿತ್ಸೆಯಿಲ್ಲದೆ ಬೆಳೆದ ಇಂಥವರನ್ನು 50 ವರ್ಷಗಳ ತನಕ ಗಮನಿಸಿ 2003ರಲ್ಲಿ ಒಂದು ವರದಿ ಪ್ರಕಟಿಸಿದರು. ಅವರಲ್ಲಿ ಬಹುಮಂದಿ ಎಲ್ಲರಂತೆಯೇ ದುಡಿದು ಬಾಳಿದ್ದರು; ಆದರೆ ಬಹುಕಾಲದ ಬೆನ್ನುನೋವು ಉಳಿದವರಲ್ಲಿ ನೂರಕ್ಕೆ 35 ಮಂದಿಗಿದ್ದರೆ ಇವರಲ್ಲಿ 61 ಮಂದಿಗಿತ್ತು. ಎಂದರೆ, ಬದುಕು ಮುಗಿಯಿತೆಂದು ಅಳುವ ಕಾರಣವೂ ಇಲ್ಲ, ಬೆನ್ನನ್ನು ಅಲಕ್ಷ್ಯ ಮಾಡುವ ಸ್ವಾತಂತ್ರ್ಯವೂ ಇಲ್ಲ. ದುಡಿಯಬೇಕಾದ ಬೆನ್ನಿಗೆ ದುಡಿಯುವ ಬಲವನ್ನು ಕೊಡಬೇಕು. ಅದು ನೆರಳಿನಲ್ಲಿ ಕುಳಿತರೆ ಬರುವುದಿಲ್ಲ.

ಈ ದಾರಿಯನ್ನು ಮೊದಲು ತುಳಿದವರಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆಂಬುದು ನನಗೆ ಧೈರ್ಯ ಕೊಟ್ಟ ಸಂಗತಿ. ಜರ್ಮನಿಯ ಕಥರೀನಾ ಶ್ರೋತ್ 1894ರಲ್ಲಿ ಹುಟ್ಟಿದವರು. ಬಾಗಿದ ಬೆನ್ನಿಗಾಗಿ ಹದಿನಾರನೆಯ ವಯಸ್ಸಿನಲ್ಲಿ ಉಕ್ಕಿನ ಕವಚ ತೊಡಬೇಕಾಯಿತು. ಗಾಳಿ ತುಂಬಿದರೆ ಬೆಲೂನಿನ ತಗ್ಗು ಮೇಲೆ ಬರುವುದನ್ನು ಕಂಡು, ತನ್ನ ಎದೆಯ ತಗ್ಗಿದ ಪಕ್ಕಕ್ಕೂ ಹಾಗೆಯೇ ಉಸಿರು ತುಂಬಬಾರದೇಕೆ ಎಂದು ಯೋಚಿಸಿ, ಕನ್ನಡಿಯ ಮುಂದೆ ನಿಂತು ಸಾಧನೆ ಮಾಡಿದರು. 1921ರಲ್ಲಿ ಮೈಸೆನ್ ಪಟ್ಟಣದಲ್ಲಿ ತಮ್ಮಂಥವರಿಗಾಗಿಯೇ ಅಂಗಸಾಧನೆಯ ಚಿಕಿತ್ಸೆ ಆರಂಭಿಸಿದರು. ಅವರ ಪದ್ಧತಿ ಇಂದಿಗೂ ಹಲವು ದೇಶಗಳಲ್ಲಿ ನಡೆಯುತ್ತಿದೆ.

ನಮ್ಮ ನಾಡಿನಲ್ಲಿಯೂ ಇಂಥ ದೃಷ್ಟಿ ಇಲ್ಲದೆ ಇರಲಿಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ಯರು ಬಾಲ್ಯದಲ್ಲಿ ಮಲೇರಿಯಾ, ಕ್ಷಯ, ವಿಷಮಶೀತಜ್ವರಗಳಿಂದ ಬಳಲಿ ಕೃಶರಾಗಿದ್ದವರು. ಮೈಸೂರಿನಲ್ಲಿ ಯೋಗ ಕಲಿತು, ಪುಣೆಯಲ್ಲಿ ನೆಲಸಿ, ಮರದ ಇಟ್ಟಿಗೆ, ಹಗ್ಗ, ಪಟ್ಟಿ, ಕುರ್ಚಿಗಳ ನೆರವಿನಿಂದ ರೋಗಿಗಳೂ ಮುದುಕರೂ ಆಸನಗಳನ್ನು ಮಾಡುವಂತೆ ಅಳವಡಿಸಿದರು. ಕೈ ನೆಲವನ್ನು ಮುಟ್ಟದಿದ್ದರೆ ಕೈಯ ಕೆಳಗೆ ಇಟ್ಟಿಗೆಯಿಟ್ಟು ನೆಲವನ್ನೇ ಎತ್ತರಿಸಿದರೆ ಆಯಿತು. ದೇಹವನ್ನು ಸಾಧನೆಯ ಅಚ್ಚಿಗೆ ತುರುಕದೆ, ಸಾಧನೆಯನ್ನು ದೇಹದ ಅಳತೆಗೆ ಹೊಲಿಯಬೇಕು. ನಾನು ಹೇಳಬೇಕೆಂದಿರುವುದೂ ಇಷ್ಟೇ.

ಎರಡನೆಯ ಬಿ.ಎ. ಪರೀಕ್ಷೆಯ ಸಮಯದಲ್ಲಿ ಒಂದು ಗಂಟೆ ಕುಳಿತರೆ ಬೆನ್ನು ಉರಿಯತೊಡಗಿತು. ಜಿಲ್ಲಾ ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗಿ ಅಲ್ಲಿಯ ಫಿಸಿಯೋಥೆರಪಿ ವಿಭಾಗದ ಒಬ್ಬ ಮಹಿಳೆಯನ್ನು ಕಂಡೆ. ಅವರು ಎಕ್ಸ್‌ರೇ ನೋಡಿ, ಮುಂದೆ ಬಗ್ಗಿಸಿ, ಒಂಟಿ ಕಾಲಿನಲ್ಲಿ ನಿಲ್ಲಿಸಿ, "ನಿನಗೆ ಏನು ಮಾಡಬಾರದು ಅಂತ ಎಲ್ಲರೂ ಹೇಳಿದ್ದಾರೆ. ಏನು ಮಾಡಬಹುದು ಅಂತ ನಾನು ಹೇಳ್ತೀನಿ" ಎಂದರು. ಆ ಒಂದು ಮಾತಿಗೆ ನಾನು ಅವರಿಗೆ ಋಣಿ. ಮನೆಗೆ ಬಂದು ನಮ್ಮ ತಂದೆಯವರಿಗೆ ತಿಳಿಸಿದೆ. ಅವರು ಗಾರೆ ಕೆಲಸದವರು. ಅವ್ವ ಅದೇ ಕೆಲಸದಲ್ಲಿ ಬಾಂಡ್ಲಿ ಹೊರುವವರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವಳು ನಾನೇ ಮೊದಲು. ಬೆನ್ನು ನೆಟ್ಟಗಾಗುವುದಿಲ್ಲವಂತೆ, ಬಲಪಡಿಸಬಹುದಂತೆ ಎಂದಾಗ ತಂದೆಯವರು, "ಗ್ವಾಡೆ ವಾಲಿದ್ರೆ ಎಳೆದು ನೆಟ್ಟಗೆ ಮಾಡಾಕಾಗಲ್ಲ ತಾಯಿ, ಬಿರುಕು ಬಿಡ್ತೈತೆ. ಆನಿಕೆ ಕೊಟ್ಟು ನಿಲ್ಲಿಸ್ತೀವಿ" ಎಂದರು. ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ನಾನು ಓದಿದ ಸಾರವೂ ಅದಕ್ಕಿಂತ ಹೆಚ್ಚೇನೂ ಅಲ್ಲ.

ಯಂತ್ರಗಳಿರುವ ಜಿಮ್ಮಿಗೆ ಹೋಗಲು ನಮ್ಮಲ್ಲಿ ಹಣವಿಲ್ಲ. ಗರಡಿಗೆ ಹೆಣ್ಣುಮಕ್ಕಳನ್ನು ಸೇರಿಸುವುದಿಲ್ಲ. ಆದುದರಿಂದ ದೇಹದ ಭಾರವನ್ನೇ ಭಾರವಾಗಿಟ್ಟುಕೊಂಡು ಮಾಡುವ ಸಾಮೇ ನನಗೆ ಗತಿಯಾಯಿತು. ಅದು ಒಳ್ಳೆಯದೇ ಆಯಿತು. ಏಕೆಂದರೆ ಇಲ್ಲಿ ಭಾರವನ್ನು ಚಮಚೆಯಿಂದ ಅಳೆದಂತೆ ಹೆಚ್ಚು ಕಡಮೆ ಮಾಡಬಹುದು. ದಂಡವನ್ನು ನೋಡಿರಿ. ಗರಡಿಯ ದಂಡದಲ್ಲಿ ಎದೆಯನ್ನು ನೆಲಕ್ಕೆ ಸವರಿಸಿ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸುತ್ತಾರೆ. ಅದು ನನಗೆ ಒಗ್ಗಲಿಲ್ಲ. ಮೊದಲು ಗೋಡೆಗೆ ಅಂಗೈ ಕೊಟ್ಟು ನಿಂತು, ತಲೆಯಿಂದ ಹಿಮ್ಮಡಿಯವರೆಗೆ ಮೈಯನ್ನು ಹಲಗೆಯಂತೆ ಬಿಗಿಹಿಡಿದು ಬಾಗಿ ಏಳುವುದನ್ನು ಕಲಿತೆ. ನಾಲ್ಕು ತಿಂಗಳ ಮೇಲೆ ಗೋಡೆಯಿಂದ ಜಗಲಿಯ ಅಂಚಿಗೆ, ಅಲ್ಲಿಂದ ಹೊಸ್ತಿಲ ಮೆಟ್ಟಲಿಗೆ ಇಳಿದೆ. ಕೈಯೂರುವ ಜಾಗ ತಗ್ಗಾದಷ್ಟೂ ಭಾರ ಹೆಚ್ಚು. ಪಕ್ಕೆಲುಬು ತಿರುಗಿರುವ ಮೈಯಲ್ಲಿ ಭುಜದ ಹಲಗೆಮೂಳೆ ಸಮತಟ್ಟಾಗಿ ಕೂರುವುದಿಲ್ಲ. ಒಂದು ಭುಜ ಮೊದಲು ಸೋಲುತ್ತದೆ. ಅದು ಸೋತಲ್ಲಿಗೆ ಎಣಿಕೆ ನಿಲ್ಲಿಸಬೇಕು. ಉಳಿದುದನ್ನು ಗಟ್ಟಿ ಭುಜದ ಮೇಲೆ ತೂರಿಸಿ ಹತ್ತು ಮುಗಿಸಿದರೆ ಡೊಂಕನ್ನೇ ಅಭ್ಯಾಸ ಮಾಡಿದಂತಾಗುತ್ತದೆ.

ಬಸ್ಕಿಯೂ ಹಾಗೆಯೇ. ಪೂರ್ತಿ ಕುಕ್ಕರಿಸಿ ಎದ್ದರೆ ನಡು ಒಂದು ಪಕ್ಕಕ್ಕೆ ಜಾರಿ ಭಾರವೆಲ್ಲ ಒಂದೇ ಕಾಲಿನ ಮೇಲೆ ಬೀಳುತ್ತಿತ್ತು. ಅದಕ್ಕಾಗಿ ಹಿಂದೆ ಒಂದು ಸ್ಟೂಲು ಇಟ್ಟು, ಅದನ್ನು ತಾಕುವವರೆಗೆ ಮಾತ್ರ ಇಳಿದೆ. ಆಳೆತ್ತರದ ಕನ್ನಡಿ ನಮ್ಮ ಮನೆಯಲ್ಲಿಲ್ಲ. ತಂದೆಯವರು ತೊಲೆಯಿಂದ ತಮ್ಮ ತೂಗುಗುಂಡನ್ನು ಇಳಿಬಿಟ್ಟರು. ಅದರ ದಾರದ ಎದುರು ನಿಂತು, ದಾರವು ಎರಡು ಮಂಡಿಗಳ ನಟ್ಟನಡುವೆ ಇರುವಂತೆ ಇಳಿದು ಏಳುವುದು. ಬೆನ್ನು ದಾರದಂತೆ ನೆಟ್ಟಗಾಗಬೇಕೆಂದಲ್ಲ, ಭಾರ ಎರಡು ಕಾಲಿಗೂ ಸಮನಾಗಿ ಹಂಚಿಕೆಯಾಗಲಿ ಎಂದು.

ದೂಡುವುದಕ್ಕೆ ಜೋಡಿಯಾಗಿ ಎಳೆಯುವುದೂ ಬೇಕು; ಬೆನ್ನಿನ ಸ್ನಾಯುಗಳು ಬಲಿಯುವುದು ಎಳೆತದಿಂದ. ಅವ್ವನ ಹಳೆಯ ನೂಲಿನ ಸೀರೆಯನ್ನು ಹುರಿಮಾಡಿ ಗಟ್ಟಿಯಾದ ಕಂಬಕ್ಕೆ ಸುತ್ತಿ, ಎರಡು ತುದಿ ಹಿಡಿದು ಹಿಂದಕ್ಕೆ ವಾಲಿ, ಮೈಯನ್ನು ಕಂಬದ ಕಡೆಗೆ ಎಳೆದುಕೊಳ್ಳುವುದು ನನ್ನ ಕ್ರಮ. ಪಾದ ಕಂಬಕ್ಕೆ ಹತ್ತಿರವಾದಷ್ಟೂ ಕಷ್ಟ ಹೆಚ್ಚು. ಇವುಗಳ ಜೊತೆಗೆ ಅಂಗೈ ಮಂಡಿಗಳನ್ನು ಊರಿ, ಒಂದು ಕೈಯನ್ನೂ ಅದರ ಎದುರು ಪಕ್ಕದ ಕಾಲನ್ನೂ ಚಾಚಿ ಹತ್ತು ಎಣಿಸುವುದು. ಮಂಡಿ ಮಡಿಸಿ ಮೊಣಕೈಯ ಮೇಲೆ ಪಕ್ಕವಾಗಿ ಮೈಯನ್ನೆತ್ತಿ ನಿಲ್ಲಿಸುವುದು. ಕೊನೆಗೆ ತಗ್ಗಿದ ಪಕ್ಕಕ್ಕೆ ನಿಧಾನವಾಗಿ ಉಸಿರು ತುಂಬುವುದು. ಒಂದೊಂದೇ ಪಕ್ಕದಿಂದ ಮಾಡುವ ಸಾಧನೆಯನ್ನು ಸೋಲುವ ಪಕ್ಕದಿಂದ ಆರಂಭಿಸಿ, ಅದು ಎಷ್ಟು ಮಾಡಿತೋ ಗೆಲ್ಲುವ ಪಕ್ಕವೂ ಅಷ್ಟನ್ನೇ ಮಾಡಬೇಕೆಂಬುದು ನನಗೆ ಕಲಿಸಿದ ನಿಯಮ. ಕಾಲು ಹಿಡಿಸಿಕೊಂಡು ಮಲಗಿ ಮೈ ತಿರುಚಿ ಏಳುವ ಕಸರತ್ತನ್ನೂ, ಬೆನ್ನನ್ನು ಎಳೆದು ಲಟಕೆ ತೆಗೆಯುವವರನ್ನೂ ದೂರವಿಟ್ಟಿದ್ದೇನೆ. ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ನನ್ನ ಪಟ್ಟಿಯನ್ನು ಯಾರೂ ಹಾಗೆಯೇ ನಕಲು ಮಾಡಕೂಡದು. ಬಾಗು ಎಲ್ಲಿದೆ, ಯಾವ ಕಡೆಗಿದೆ, ಒಂದೇ ಇದೆಯೋ ಎರಡಿದೆಯೋ ಎಂಬುದರ ಮೇಲೆ ಕ್ರಮ ಬದಲಾಗುತ್ತದೆ. 2014ರಲ್ಲಿ ಅಮೆರಿಕದಲ್ಲಿ 25 ಮಂದಿಗೆ ಒಂದೇ ಪಕ್ಕದಿಂದ ವಸಿಷ್ಠಾಸನ ಮಾಡಿಸಿ ಬಾಗು ಕಡಮೆಯಾಯಿತೆಂದು ಪ್ರಕಟಿಸಿದ್ದಾರೆ. ಆದರೆ ಹೋಲಿಕೆಗೆ ಆಸನ ಮಾಡದ ಗುಂಪೇ ಇರಲಿಲ್ಲವಾದ್ದರಿಂದ ಅದನ್ನು ಪೂರ್ತಿ ನಂಬುವಂತಿಲ್ಲ. ಕಾಲು ಜೋಮು ಹಿಡಿದರೆ, ಬಲಗುಂದಿದರೆ, ರಾತ್ರಿ ನಿದ್ದೆ ಕೆಡಿಸುವ ನೋವಿದ್ದರೆ, ಉಸಿರು ಕಟ್ಟಿದರೆ ಸಾಮನ್ನು ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಇನ್ನೂ ಬೆಳೆಯುತ್ತಿರುವ ತಂಗಿ ತಮ್ಮಂದಿರ ಬೆನ್ನು ಬಾಗಿ ಕಂಡರೆ ವ್ಯಾಯಾಮವೆಂದು ಕಾಲ ಕಳೆಯಕೂಡದು. ಆ ವಯಸ್ಸಿನಲ್ಲಿ ಕವಚದಿಂದ ಉಪಯೋಗವುಂಟು. 2013ರಲ್ಲಿ ಅಮೆರಿಕ, ಕೆನಡಾಗಳ ಆಸ್ಪತ್ರೆಗಳಿಂದ ಬಂದ ವರದಿಯಂತೆ ಕವಚ ತೊಟ್ಟ ಮಕ್ಕಳಲ್ಲಿ ನೂರಕ್ಕೆ 72 ಮಂದಿಯ ಬಾಗು ಶಸ್ತ್ರಚಿಕಿತ್ಸೆಯ ಮಟ್ಟವನ್ನು ಮುಟ್ಟಲಿಲ್ಲ. ತೊಡದವರಲ್ಲಿ ಹಾಗೆ ಪಾರಾದವರು 48 ಮಂದಿ. ಹನ್ನೆರಡನೆಯ ವಯಸ್ಸಿನಲ್ಲಿ ಯಾರಾದರೂ ನನ್ನ ಬೆನ್ನನ್ನು ನೋಡಿದ್ದರೆ ಎಂದು ಆಗಾಗ ಅಂದುಕೊಳ್ಳುತ್ತೇನೆ.

ಇಷ್ಟೆಲ್ಲ ಮಾಡಿ ಫಲವೇನು ಎಂದು ಕೇಳಬಹುದು. ಹದಿನಾಲ್ಕು ತಿಂಗಳ ಮೇಲೆ ಮತ್ತೆ ಎಕ್ಸ್‌ರೇ ತೆಗೆಸಿದೆ. ಬಾಗು ಅದೇ 34 ಡಿಗ್ರಿ. ಅಳತೆಯಲ್ಲಿಯೇ ಐದು ಡಿಗ್ರಿಯ ಹೆಚ್ಚು ಕಡಮೆ ಬರುವುದುಂಟಂತೆ. ನನ್ನದರಲ್ಲಿ ಅಷ್ಟೂ ಬರಲಿಲ್ಲ. ಚಿತ್ರವನ್ನು ಕಂಡು ಆ ಸಂಜೆ ನನಗೆ ಬೇಸರವಾದುದು ನಿಜ. ಆದರೆ ಮೊನ್ನೆಯ ಪರೀಕ್ಷೆಯಲ್ಲಿ ಮೂರು ಗಂಟೆ ಕುಳಿತು ಬರೆದು ಎದ್ದೆ. ಅವ್ವ ಕೆಲಸದಿಂದ ಬರುವಷ್ಟರಲ್ಲಿ ನಲ್ಲಿಯ ನೀರನ್ನು ನಾನೇ ತುಂಬಿಡುತ್ತೇನೆ. ನೆಲದ ಮೇಲೆ ನಾಲ್ಕು ದಂಡ ತೆಗೆಯಬಲ್ಲೆ. ಈ ಮೂರನ್ನೂ ಎಕ್ಸ್‌ರೇ ಯಂತ್ರ ತೋರಿಸುವುದಿಲ್ಲ.

ಇಂಥ ಮಾತು ಬಂದಾಗಲೆಲ್ಲ ಕೆಲವರು ಉಸೇನ್ ಬೋಲ್ಟ್ ಅವರ ಹೆಸರು ಹೇಳುತ್ತಾರೆ. ಬೆನ್ನು ಬಾಗಿದ್ದರೂ ಆತ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದುದು ನಿಜ. ಅದೇ ತೊಂದರೆಯಿದ್ದ ಅಮೆರಿಕದ ಲಾಮಾರ್ ಗ್ಯಾಂಟ್ 1985ರಲ್ಲಿ ತನ್ನ ತೂಕದ ಐದರಷ್ಟು ಭಾರವನ್ನು ನೆಲದಿಂದ ಎತ್ತಿದುದೂ ನಿಜ. ಕೇಳಿ ಸಂತೋಷಪಡುತ್ತೇನೆ. ಆದರೆ ಮರದಡಿಯಿಂದ ಏಳಲು ನಾವು ವಿಶ್ವದಾಖಲೆ ಮಾಡಬೇಕಾಗಿಲ್ಲ. ಆರೋಗ್ಯವಂತ ವಿದ್ಯಾರ್ಥಿಗೆ ಡ್ರಿಲ್ಲಿಗೆ ಬರಲು ಯಾವ ದಾಖಲೆಯನ್ನೂ ಕೇಳುವುದಿಲ್ಲವಷ್ಟೆ!

ನನ್ನ ವಾದಕ್ಕೆ ಬರುವ ಆಕ್ಷೇಪಣೆಗಳನ್ನೂ ಬಲ್ಲೆ. ನೂರಾರು ವಿದ್ಯಾರ್ಥಿಗಳಿಗೆ ಒಬ್ಬರೇ ನಿರ್ದೇಶಕರು. ಒಬ್ಬೊಬ್ಬರ ಬೆನ್ನನ್ನು ನೋಡುತ್ತ ಕೂರಲು ಅವರಿಗೆಲ್ಲಿ ಬಿಡುವು? ಏನಾದರೂ ಅಪಾಯವಾದರೆ ಹೊಣೆ ಯಾರು? ಇವು ನ್ಯಾಯವಾದ ಪ್ರಶ್ನೆಗಳು. ಉತ್ತರವೂ ದುಸ್ಸಾಧ್ಯವಲ್ಲ. ವಿನಾಯಿತಿ ಕೇಳುವಾಗ ತರುವ ಪತ್ರದಲ್ಲಿ 'ಮಾಡಕೂಡದು' ಎಂಬ ಸಾಲಿನ ಕೆಳಗೆ 'ಮಾಡಬಹುದು' ಎಂಬ ಇನ್ನೊಂದು ಸಾಲನ್ನೂ ವೈದ್ಯರಿಂದ ಬರೆಸಿಕೊಂಡು ಬರಲು ಹೇಳಲಿ. ಆಗ ಹೊಣೆ ಬಲ್ಲವರದೇ ಆಗುತ್ತದೆ. ಪ್ರತಿಯೊಂದು ಸಾಮನ್ನೂ ಗೋಡೆ, ಬೆಂಚು, ನೆಲ ಎಂದು ಮೂರು ಮೆಟ್ಟಲಾಗಿ ಮಾಡಿ, ಯಾರು ಯಾವ ಮೆಟ್ಟಲಲ್ಲಿದ್ದರೂ ಒಂದೇ ಸಾಲಿನಲ್ಲಿ ನಿಲ್ಲಿಸಲಿ. ಇದು ಬೆನ್ನು ಬಾಗಿದವರಿಗೆ ಮಾತ್ರವಲ್ಲ, ಮೊದಲ ಸಲ ಮೈ ಬಗ್ಗಿಸುವ ಎಲ್ಲರಿಗೂ ಹಿತ. ನನ್ನ ಸೋದರಮಾವ ಹರೆಯದಲ್ಲಿ ಗರಡಿಯಲ್ಲಿ ಪಳಗಿದವರು. ಅವರ ಉಸ್ತಾದರು ಕೈಮುರಿದು ಬಂದ ಹುಡುಗನನ್ನು ಹೊರಗೆ ಕಳುಹಿಸುತ್ತಿರಲಿಲ್ಲವಂತೆ. ಕೈ ಕೂಡುವವರೆಗೆ ಬಸ್ಕಿ ಹೊಡೆ ಎನ್ನುತ್ತಿದ್ದರಂತೆ. ಕೆಮ್ಮಣ್ಣಿನ ಮಟ್ಟಿಯಲ್ಲಿ ನಡೆದದ್ದು ಕಾಲೇಜಿನ ಬಯಲಿನಲ್ಲಿ ನಡೆಯಬಾರದೆ? ಇನ್ನು ವ್ಯಾಯಾಮದ ಕೊಠಡಿಯನ್ನು ವಾರಕ್ಕೆ ಎರಡು ಗಂಟೆ ವಿದ್ಯಾರ್ಥಿನಿಯರಿಗಾಗಿಯೇ ತೆರೆದಿಟ್ಟರೆ, ನಾಲ್ಕು ಜನರ ಮುಂದೆ ಬಗ್ಗಲು ನಾಚುವವರೂ ಬರುತ್ತಾರೆ. ಇದಾವುದಕ್ಕೂ ಹೊಸ ಹಣ ಬೇಕಾಗಿಲ್ಲ.

ಅಷ್ಟಾವಕ್ರ ಮುನಿಯ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಎಂಟು ಕಡೆ ಡೊಂಕಾದ ಮೈಯಿದ್ದರೂ ಜನಕನ ಸಭೆಯಲ್ಲಿ ಪಂಡಿತನನ್ನು ಗೆದ್ದನೆಂದು ಕೊಂಡಾಡುತ್ತೇವೆ. ಮೈ ಡೊಂಕಾದವರು ಬುದ್ಧಿಯಲ್ಲಿ ಗೆದ್ದರೆ ಸಾಕು, ಮೈಯನ್ನು ಮರೆತುಬಿಡಲಿ ಎಂಬ ಭಾವನೆ ನಮ್ಮ ಮೆಚ್ಚುಗೆಯಲ್ಲಿ ಅಡಗಿದೆಯೆಂದು ನನಗೆ ಅನುಮಾನ. ನನಗೂ ಹಾಗೆಯೇ ಹೇಳಿದರು: "ನೀನು ಚೆನ್ನಾಗಿ ಓದು, ಸಾಕು." ಆದರೆ ಓದುವುದಕ್ಕೂ ಕೂರಬೇಕು; ಕೂರುವುದಕ್ಕೂ ಬೆನ್ನು ಬೇಕು. ನಾಳೆ ನಾನು ಟೀಚರಾದರೆ ದಿನವೆಲ್ಲ ನಿಲ್ಲಬೇಕು. ಆಗದೆ ಹೋದರೆ ಅವ್ವನಂತೆ ಬಾಂಡ್ಲಿ ಹೊರಬೇಕು. ನಮ್ಮಂಥ ಮನೆಯವರಿಗೆ ಬೆನ್ನಿನಿಂದ ವಿನಾಯಿತಿ ಕೊಡುವ ಕೆಲಸ ಯಾವುದೂ ಇಲ್ಲ.

ಈ ವರ್ಷದ ಕ್ರೀಡಾಕೂಟದ ಬೆಳಗ್ಗೆ ನಮ್ಮ ನಿರ್ದೇಶಕರ ಅಪ್ಪಣೆ ಪಡೆದು ನಾನು ಡ್ರಿಲ್ಲಿನ ಕೊನೆಯ ಸಾಲಿನಲ್ಲಿ ನಿಂತೆ. ಎಲ್ಲರೂ ನೆಲದ ಮೇಲೆ ಹತ್ತು ದಂಡ ತೆಗೆದರು. ನಾನು ಬಯಲಿನ ಅಂಚಿನ ಸಿಮೆಂಟು ಬೆಂಚಿಗೆ ಕೈಯೂರಿ ಹತ್ತು ತೆಗೆದೆ. ಯಾರೂ ನಗಲಿಲ್ಲ. ಮುಗಿಸಿ ನೋಡಿದರೆ ಉಬ್ಬಸದ ಗೆಳತಿ ಮರದಡಿಯಿಂದ ಎದ್ದು ಬಂದು ಬೆಂಚಿನ ಬಳಿ ನಿಂತಿದ್ದಳು. ನಾನು ಮಾಡಬಹುದೇ ಎಂದು ಕೇಳಿದಳು. ಡಾಕ್ಟರನ್ನು ಕೇಳಿಕೊಂಡು ಬಾ, ಜೊತೆಗೆ ಮಾಡೋಣ ಎಂದೆ. ಮುಂದಿನ ವರ್ಷ ನಾನು ಇಲ್ಲಿರುವುದಿಲ್ಲ. ಇರುವವರು ಚಪ್ಪಲಿ ಕಾಯಲು ಹೇಳುವ ಮೊದಲು ಆ ಮರದಡಿಯವರನ್ನು ಒಮ್ಮೆ ಬೆಂಚಿನ ಬಳಿಗೆ ಕರೆದು ನೋಡಬೇಕೆಂದು ಕೇಳಿಕೊಳ್ಳುತ್ತೇನೆ.